ಮಣಿಕಟ್ಟಿನ ಅಳತೆ

ಕೈಯನ್ನು ಕುರಿತು ನಮ್ಮ ಭಾಷೆಯಲ್ಲಿರುವಷ್ಟು ನುಡಿಗಟ್ಟುಗಳು ಬೇರೆ ಯಾವ ಅಂಗವನ್ನು ಕುರಿತೂ ಇರಲಾರವೆಂದು ನನಗೆ ತೋರುತ್ತದೆ. ಕೆಲಸ ಕೈಗೂಡುತ್ತದೆ, ಪರಿಸ್ಥಿತಿ ಕೈಮೀರುತ್ತದೆ, ನೆಚ್ಚಿದವರು ಕೈಕೊಡುತ್ತಾರೆ, ದೇವರು ಕೈಬಿಡುವುದಿಲ್ಲ. ಆದರೆ ಈ ಕೈಯನ್ನು ತೋಳಿಗೆ ಕೂಡಿಸುವ ಆ ಪುಟ್ಟ ಕೀಲನ್ನು, ಮಣಿಕಟ್ಟನ್ನು, ಬಳೆ ತೊಡುವಾಗ ಇಲ್ಲವೆ ಗಡಿಯಾರ ಕಟ್ಟುವಾಗ ಅಲ್ಲದೆ ನಾವು ನೆನೆಯುವುದುಂಟೆ? ಅದನ್ನು ಡಿಗ್ರಿ ಡಿಗ್ರಿಯಾಗಿ ಅಳೆದು, ಅಳತೆಗೆ ತಕ್ಕ ಬೆಲೆ ಕಟ್ಟಿ, ಕಟ್ಟಿದ ಬೆಲೆ ನ್ಯಾಯವೇ ಅಲ್ಲವೇ ಎಂದು ವರ್ಷಗಟ್ಟಲೆ ವಾದಿಸುವವರು ಅಮೆರಿಕದಲ್ಲಿದ್ದಾರೆ. ಅವರು ಅಲ್ಲಿಯ ಮಾಜಿ ಸೈನಿಕರು.

ಆ ದೇಶದ ಮಾಜಿ ಸೈನಿಕರ ಮೇಲ್ಮನವಿ ಮಂಡಲಿಯು ೧೯೯೨ರಿಂದೀಚೆಗೆ ಕೊಟ್ಟ ತೀರ್ಪುಗಳು, ಅರ್ಜಿದಾರರ ಹೆಸರುಗಳನ್ನು ಮರೆಮಾಡಿ, ಯಾರು ಬೇಕಾದರೂ ಓದುವಂತೆ ಪ್ರಕಟವಾಗಿವೆ. ಅವುಗಳಲ್ಲಿ ಕೈಗೆ ಸಂಬಂಧಿಸಿದವನ್ನು ನಾನು ಕೆಲವು ಕಾಲದಿಂದ ಓದುತ್ತಿದ್ದೇನೆ. ಕಾನೂನಿನ ಭಾಷೆ ಒಣಗಿದ ಸೌದೆಯಂತಿದ್ದರೂ ಅದರ ಸಂದಿನಲ್ಲಿ ಮನುಷ್ಯರ ಉಸಿರು ಕೇಳಿಸುತ್ತದೆ. ಡಬ್ಬಿಯ ಮುಚ್ಚಳ ತಿರುಗುವುದಿಲ್ಲ, ಕಾಫಿಯ ಲೋಟ ಕೈಜಾರುತ್ತದೆ, ರಾತ್ರಿ ಬೆರಳುಗಳು ಜೋಮು ಹಿಡಿದು ಎಚ್ಚರವಾಗುತ್ತದೆ. ಇಂಥವೇ ಅಲ್ಲಿಯ ದೂರುಗಳು.

ಬೆಲೆಯ ಪಟ್ಟಿ ೧೯೪೫ರದು. ಆಮೇಲೆ ಎಷ್ಟೋ ತಿದ್ದುಪಡಿಗಳಾಗಿವೆ. ಆರೋಗ್ಯವಂತನ ಮಣಿಕಟ್ಟು ಹಿಂದಕ್ಕೆ ೭೦ ಡಿಗ್ರಿ, ಅಂಗೈಯ ಕಡೆಗೆ ೮೦ ಡಿಗ್ರಿ ಬಾಗುತ್ತದೆಂದು ಅದರ ಲೆಕ್ಕ. ಹಿಂದಕ್ಕೆ ಬಾಗುವುದು ೧೫ ಡಿಗ್ರಿಗಿಂತ ಕಡಿಮೆಯಾದರೆ, ಅಥವಾ ಅಂಗೈ ಮುಂದೋಳಿನ ನೇರವನ್ನು ದಾಟಿ ಬಾಗಲಾರದೆ ಹೋದರೆ, ಶೇಕಡಾ ೧೦ರಷ್ಟು ವೈಕಲ್ಯ. ೨೦೨೪ರ ದರದಲ್ಲಿ ಅದಕ್ಕೆ ತಿಂಗಳಿಗೆ ೧೭೧ ಡಾಲರ್ ೨೩ ಸೆಂಟ್. ಅಳೆಯಲು ಕೋನಮಾಪಕವನ್ನೇ ಬಳಸತಕ್ಕದ್ದೆಂದು ನಿಯಮವಿದೆ.

ಆದರೆ ನೋವನ್ನು ಅಳೆಯುವ ಕೋನಮಾಪಕ ಯಾವುದು? ಪರೀಕ್ಷೆಯ ಕೋಣೆಯಲ್ಲಿ ಮಣಿಕಟ್ಟು ೭೦ ಡಿಗ್ರಿಯೂ ಬಾಗೀತು. ಅರ್ಧ ಗಂಟೆ ಬರೆದ ಮೇಲೆ, ನಾಲ್ಕು ತಿರುಪುಗಳನ್ನು ಬಿಗಿದ ಮೇಲೆ ಅದು ಬಾಗುವುದೆಷ್ಟು? ಈ ಪ್ರಶ್ನೆಗೆ ೧೯೯೫ರಲ್ಲಿ, ಡಿಲೂಕಾ ಎಂಬವರ ಮೊಕದ್ದಮೆಯಲ್ಲಿ, ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯವು ಉತ್ತರ ಹೇಳಿತು: ಬಳಸಿದಾಗ ಬರುವ ನೋವು, ಆಯಾಸ, ಆಗಾಗ ಉಲ್ಬಣಿಸುವ ಬಾಧೆ, ಇವುಗಳಿಂದ ಕಳೆದುಹೋಗುವ ಶಕ್ತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೀಲು ಬಾಗಿದರೂ ನೋಯುತ್ತಿದ್ದರೆ ಕನಿಷ್ಠ ದರವನ್ನಾದರೂ ಕೊಡಬೇಕೆಂಬ ನಿಯಮವೂ ಇದೆ. ಇಷ್ಟು ಓದಿದಾಗ ಆಹಾ, ಎಂಥ ಉದಾರ ಕಾನೂನು ಎನಿಸಿತು. ಮುಂದೆ ಓದಿದರೆ ತೊಡಕು ಕಾಣುತ್ತದೆ. ಮಣಿಕಟ್ಟು ಬಾಗದಿರುವುದಕ್ಕೆ ಪಟ್ಟಿಯಲ್ಲಿ ಇರುವುದು ಒಂದೇ ದರ, ಶೇಕಡಾ ೧೦. ಕನಿಷ್ಠವೂ ಅದೇ, ಗರಿಷ್ಠವೂ ಅದೇ; ನೆಲವೂ ಅದೇ, ಸೂರೂ ಅದೇ. ಗರಿಷ್ಠ ದರವನ್ನು ಆಗಲೇ ಪಡೆಯುತ್ತಿರುವವನಿಗೆ ನೋವಿನ ವಿಚಾರಣೆಯಿಂದ ಹೆಚ್ಚಿನದೇನೂ ದಕ್ಕದೆಂದು ೧೯೯೭ರ ಜಾನ್‌ಸ್ಟನ್ ತೀರ್ಪು ಹೇಳಿಬಿಟ್ಟಿತು. ಮೇಲಿನ ಮೆಟ್ಟಿಲು ಹತ್ತಬೇಕಾದರೆ ಕೀಲು ಅಲುಗಾಡದಂತೆ ಬೆಸೆದುಹೋಗಿರಬೇಕು. ಆಗ, ಅನುಕೂಲವಾದ ಕೋನದಲ್ಲಿ ಬೆಸೆದಿದ್ದರೂ, ರೂಢಿಯ ಕೈಗೆ ೩೦, ಇನ್ನೊಂದಕ್ಕೆ ೨೦. ಅಲುಗುತ್ತ ನೋಯುವ ಕೈಗೂ ಅಲುಗದೆ ನಿಂತ ಕೈಗೂ ನಡುವೆ ಎಷ್ಟು ಬಗೆಯ ಬದುಕುಗಳಿವೆ! ಪಟ್ಟಿಯಲ್ಲಿ ಅವುಗಳಿಗೆ ಮನೆಯಿಲ್ಲ.

ಬಾಧೆ ಕೀಲಿನದಲ್ಲ, ನರದ್ದು ಎಂದಾದರೆ ಕಥೆಯೇ ಬೇರೆ. ಮಣಿಕಟ್ಟಿನ ಸುರಂಗದಲ್ಲಿ ನಡುನರ ಅದುಮಿಕೊಂಡು ಬೆರಳು ಮರಗಟ್ಟುವ ರೋಗಕ್ಕೆ ಅಲ್ಪ, ಮಧ್ಯಮ, ತೀವ್ರ ಎಂಬ ಅಂತಸ್ತುಗಳಿವೆ. ರೂಢಿಯ ಕೈಯಾದರೆ ೧೦, ೩೦, ೫೦. ನರ ಪೂರ್ತಿ ಸತ್ತಿದ್ದರೆ ೭೦. ಆದರೆ ಅಲ್ಪವೆಂದರೆ ಎಷ್ಟು, ಮಧ್ಯಮವೆಂದರೆ ಎಷ್ಟು ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಬರಿಯ ಜೋಮು, ಮರಗಟ್ಟುವಿಕೆಯಷ್ಟೇ ಇದ್ದರೆ ಮಧ್ಯಮವನ್ನು ಮೀರಕೂಡದೆಂದು ಮಾತ್ರ ಹೇಳುತ್ತದೆ. ವಿಶೇಷಣಗಳ ಅರ್ಥವನ್ನು ಕುರಿತು ನಮ್ಮ ಪಂಡಿತರು ಮಾಡುತ್ತಿದ್ದ ಜಗಳಗಳನ್ನು ಬಲ್ಲವರಿಗೆ ಈ ತೀರ್ಪುಗಳು ಅಪರಿಚಿತವೆನಿಸಲಾರವು. ಅಲ್ಲಿ ವಿಶೇಷಣವೊಂದು ಬದಲಾದರೆ ಒಂದು ಸಂಸಾರದ ತಿಂಗಳ ಬಾಡಿಗೆಗೆ ದಾರಿಯಾದೀತು.

ಗಣಿತವೂ ವಿಚಿತ್ರವೇ. ಎರಡೂ ಕೈಗಳಿಗೆ ತಲಾ ೧೦ ಬಂದರೆ ಮೊತ್ತ ೨೦ ಅಲ್ಲ. ಮೊದಲ ೧೦ ಕಳೆದು ಉಳಿದ ೯೦ರಲ್ಲಿ ಹತ್ತನೆಯ ಒಂದು ಪಾಲು ೯, ಕೂಡಿದರೆ ೧೯. ಎರಡೂ ಬದಿಯ ಬಾಧೆಯೆಂಬ ಕನಿಕರದಿಂದ ಅದಕ್ಕೆ ಅದರದೇ ಹತ್ತನೆಯ ಒಂದು ಪಾಲನ್ನು ಸೇರಿಸಿದರೆ ೨೦.೯. ಕೊನೆಗೆ ಹತ್ತಿರದ ದಶಕಕ್ಕೆ ಇಳಿಸಿದರೆ, ೨೦!

ರೂಢಿಯ ಕೈ ಯಾವುದೆಂಬುದೂ ಸಾಕ್ಷ್ಯದಿಂದ ತೀರ್ಮಾನವಾಗಬೇಕು. ಎರಡು ಕೈಯಲ್ಲೂ ಸಮನಾಗಿ ಕೆಲಸ ಮಾಡಬಲ್ಲ ಸವ್ಯಸಾಚಿಯಾದರೆ ಪೆಟ್ಟಾದ ಕೈಯನ್ನೇ ರೂಢಿಯದೆಂದು ತಿಳಿಯುತ್ತಾರೆ. ಇದನ್ನು ಓದಿದಾಗ ಅವರ ಅಂತರ್ಯುದ್ಧದ ಒಂದು ಸಂಗತಿ ನೆನಪಾಯಿತು. ೧೮೬೫ರಲ್ಲಿ ನ್ಯೂಯಾರ್ಕಿನ ವಿಲಿಯಂ ಓಲೆಂಡ್ ಬೋರ್ನ್ ಎಂಬ ಪತ್ರಿಕಾ ಸಂಪಾದಕನು ಯುದ್ಧದಲ್ಲಿ ಬಲಗೈ ಕಳೆದುಕೊಂಡ ಸೈನಿಕರಿಗಾಗಿ ಎಡಗೈ ಬರವಣಿಗೆಯ ಸ್ಪರ್ಧೆಯನ್ನು ಏರ್ಪಡಿಸಿದನು. ಬಹುಮಾನಗಳ ಒಟ್ಟು ಮೊತ್ತ ೧೦೦೦ ಡಾಲರ್. ಗುಮಾಸ್ತೆಯ ಕೆಲಸವಾದರೂ ಇವರಿಗೆ ಸಿಗಲೆಂಬುದು ಅವನ ಆಸೆ. ಸ್ಪರ್ಧೆಗೆ ಬಂದ ಬರಹಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಇಂದಿಗೂ ಇವೆ.

ಅದೇ ಯುದ್ಧಕಾಲದ ಇನ್ನೊಂದು ಉಳಿಕೆ ಅಷ್ಟು ಸುಂದರವಲ್ಲ. ವಕೀಲರು ಗಾಯಾಳುಗಳನ್ನು ಸುಲಿಯದಿರಲೆಂದು ೧೮೬೪ರಲ್ಲಿ ಅವರ ಶುಲ್ಕವನ್ನು ೧೦ ಡಾಲರಿಗೆ ಮಿತಿಗೊಳಿಸಿದರು. ಬೆಲೆಗಳೆಲ್ಲ ಏರಿದರೂ ಆ ಹತ್ತು ಹತ್ತಾಗಿಯೇ ಉಳಿಯಿತು. ೧೯೮೫ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಹತ್ತು ಡಾಲರಿಗೆ ವಾದಿಸುವ ವಕೀಲನೆಲ್ಲಿ? ರಕ್ಷಣೆಗೆ ಹಾಕಿದ ಬೇಲಿಯೇ ದಾರಿಯನ್ನು ಮುಚ್ಚಿತ್ತು. ೧೯೩೩ರಲ್ಲಿ ಹುಟ್ಟಿದ ಮಂಡಲಿಯ ತೀರ್ಪನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಹಕ್ಕು ಬಂದದ್ದು ೧೯೮೮ರ ಶಾಸನದಿಂದ.

ಇಷ್ಟೆಲ್ಲ ಇದ್ದರೂ ಅರ್ಜಿದಾರನು ಮೂರು ಸಂಗತಿಗಳನ್ನು ತೋರಿಸಿಕೊಡಬೇಕು: ಈಗ ಬಾಧೆಯಿದೆ, ಸೇವೆಯಲ್ಲಿದ್ದಾಗ ಏನೋ ನಡೆಯಿತು, ಅದಕ್ಕೂ ಇದಕ್ಕೂ ನಂಟಿದೆ. ನಂಟಿನ ಪರವೂ ವಿರುದ್ಧವೂ ಸಾಕ್ಷ್ಯ ಸಮತೂಗಿದರೆ ಸಂದೇಹದ ಲಾಭ ಸೈನಿಕನಿಗೇ. ಕಷ್ಟವೆಲ್ಲ ಎರಡನೆಯದರಲ್ಲಿ. ಇಪ್ಪತ್ತರ ಹರೆಯದಲ್ಲಿ ಟ್ರಕ್ಕಿನಿಂದ ಧುಮುಕಿ ಕೈಯೂರಿ ಬಿದ್ದವನು ಬಟ್ಟೆ ಸುತ್ತಿಕೊಂಡು ಮರುದಿನ ಕೆಲಸಕ್ಕೆ ಹೋಗಿರುತ್ತಾನೆ. ವೈದ್ಯರ ಬಳಿಗೆ ಹೋಗಿರುವುದಿಲ್ಲ. ಹೋಗಿದ್ದರೂ ಕಾಗದ ಉಳಿದಿರಬೇಕಲ್ಲ? ೧೯೭೩ರ ಜುಲೈ ೧೨ರಂದು ಸೇಂಟ್ ಲೂಯಿ ಬಳಿಯ ದಾಖಲೆಗಳ ಕೇಂದ್ರಕ್ಕೆ ಬೆಂಕಿ ಬಿದ್ದು ೧೬೦ರಿಂದ ೧೮೦ ಲಕ್ಷ ಸೈನಿಕರ ಕಡತಗಳು ಸುಟ್ಟುಹೋದವು. ಅವುಗಳಿಗೆ ನಕಲು ಇರಲಿಲ್ಲ. ೧೯೧೨ರ ನವೆಂಬರಿನಿಂದ ೧೯೬೦ರ ಆರಂಭದವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ನೂರಕ್ಕೆ ೮೦ ಹೋದವು. ಎರಡು ಮಹಾಯುದ್ಧಗಳೂ ಕೊರಿಯಾದ ಯುದ್ಧವೂ ಇದರೊಳಗೇ ಬರುತ್ತವೆ.

ಕಾಗದ ಸುಟ್ಟಮೇಲೆ ಉಳಿಯುವುದು ಜನರ ಮಾತು. ಜೊತೆಗಿದ್ದ ಸೈನಿಕನ ಹೇಳಿಕೆ, ಹೆಂಡತಿಯ ಹೇಳಿಕೆ, ಅರ್ಜಿದಾರನದೇ ನೆನಪು, ಇವೆಲ್ಲವೂ ಸಾಕ್ಷ್ಯವೇ. ಆ ಕಾಲದ ವೈದ್ಯಕೀಯ ದಾಖಲೆ ಇಲ್ಲವೆಂಬ ಒಂದೇ ಕಾರಣದಿಂದ ಅವನ್ನು ತಳ್ಳಿಹಾಕಕೂಡದೆಂದು ೨೦೦೬ರಲ್ಲಿ ಬುಕ್ಯಾನನ್ ಮೊಕದ್ದಮೆಯ ತೀರ್ಪಾಯಿತು. ಮೊದಲು ಬರೆಯಲು ಕೂರುತ್ತಿದ್ದ ಗಂಡ ಈಗ ರುಜು ಮಾತ್ರ ಹಾಕುತ್ತಾನೆ, ಅಂಗಿಯ ಗುಂಡಿಗಳನ್ನು ನಾನೇ ಹಾಕುತ್ತೇನೆ ಎಂದು ಹೆಂಡತಿಯೊಬ್ಬಳು ಬರೆದು ಕಳುಹಿಸಿದರೆ ಮಂಡಲಿ ಅದನ್ನು ಓದಲೇಬೇಕು. ನಂಬದಿದ್ದರೆ ಏಕೆ ನಂಬಲಿಲ್ಲವೆಂದು ತೀರ್ಪಿನಲ್ಲಿ ಬರೆಯಬೇಕು.