ಕಾಗದದ ಕಟ್ಟು ಬಿಚ್ಚಿ, ಮಕ್ಕಳನ್ನೂ ಕೂರಿಸಿಕೊಳ್ಳಿ

ರಾಸ್ ಲಫಾನ್‌ನಲ್ಲಿ ಕೆಲಸ, ಅಲ್ ಖೋರ್‌ನಲ್ಲಿ ಮನೆ, ಊರಿನಲ್ಲಿ ಜಮೀನು. ನಿಮ್ಮ ಕಪಾಟಿನಲ್ಲೂ ಪಾಸ್‌ಬುಕ್, ವಿಮೆ ಪಾಲಿಸಿ, ಪಹಣಿಗಳ ದಪ್ಪ ಕಟ್ಟು ಇರಬೇಕಲ್ಲವೇ? ಈ ಶುಕ್ರವಾರ ಮಕ್ಕಳ ಜೊತೆ ಕೂತು ಸ್ಕ್ಯಾನ್ ಮಾಡಿ. ಫೈಲುಗಳಿಗೆ ಅವರೇ ಕನ್ನಡದಲ್ಲಿ ಹೆಸರಿಡಲಿ: ‘ಕ್ರಯಪತ್ರ’, ‘ಕಂದಾಯ ರಸೀದಿ’, ‘ಸಾಲ’. ಅರ್ಥ ಕೇಳಿದರೆ ಅಜ್ಜ ಜಮೀನು ಕೊಂಡ ಕಥೆಯನ್ನೂ ಹೇಳಿ.

ಪಹಣಿ ಈಗ ಕರ್ನಾಟಕದ ‘ಭೂಮಿ’ ಜಾಲತಾಣದಲ್ಲೇ ಸಿಗುತ್ತದೆ. ಇಲಾಖೆಯೇ ಡಿಜಿಲಾಕರ್‌ಗೆ ನೀಡಿದ ದಾಖಲೆಗೆ ಮೂಲದಷ್ಟೇ ಮಾನ್ಯತೆ ಇದೆ; ನೀವು ತೆಗೆದ ಫೋಟೊ ಮಾತ್ರ ಬರೀ ನಕಲು. ಹಾಗಾಗಿ ಕ್ರಯಪತ್ರ, ಉಯಿಲುಗಳ ಮೂಲ ಪ್ರತಿ ಎಸೆಯಬೇಡಿ. ನಕಲುಗಳನ್ನು ಎರಡು ಕಡೆ ಇಡಿ. ಎಲ್ಲಿವೆಯೆಂದು ಮನೆಯವರಿಗೂ ಗೊತ್ತಿರಲಿ.

ನಾಳೆ ಆ ಪಹಣಿ ಓದಬೇಕಾದವರು ನಿಮ್ಮ ಮಕ್ಕಳೇ. ಅದಿರುವುದು ಕನ್ನಡದಲ್ಲಿ.