ಊಹೆ ತಿದ್ದುತ್ತಾ ಉತ್ತರದತ್ತ

ಗಣಿತಕ್ಕೂ ಲ್ಯಾಬ್ ಇದೆ ಎಂದರೆ ಹಿಂದಿನ ತಲೆಮಾರಿನವರು ನಂಬುವುದು ಕಷ್ಟ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ಮೊದಲ ವರ್ಷದ ಗಣಿತಕ್ಕೇ ಲ್ಯಾಬ್ ಸೇರಿತು. ಹಾಗಾಗಿ ಅದನ್ನು ಅನುಸರಿಸಿದ ಮಂಗಳೂರಿನ ಕಾಲೇಜುಗಳಲ್ಲೂ ‘ನ್ಯೂಮರಿಕಲ್ ಮೆಥಡ್ಸ್’ ಎಂಬ, ಅಂದಾಜಿನ ಲೆಕ್ಕಗಳಿಂದ ಉತ್ತರಕ್ಕೆ ಹತ್ತಿರವಾಗುವ ವಿದ್ಯೆ ಕರಿಹಲಗೆಯಿಂದ ಕಂಪ್ಯೂಟರಿಗೆ ದಾಟಿದೆ. ಇದಕ್ಕೆ ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ. ಪೈಥಾನ್ ಉಚಿತ, ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿ ಹುಟ್ಟಿದ ಸೈಲ್ಯಾಬ್ ಕೂಡ ಉಚಿತ.

ಈ ವಿದ್ಯೆಯ ಸೊಗಸು ತಿಳಿಯಲು ಒಂದೇ ಲೆಕ್ಕ ಸಾಕು. ಒಂದು ಸಂಖ್ಯೆಯ ಘನದಿಂದ ಅದರ ಎರಡರಷ್ಟನ್ನೂ 5ನ್ನೂ ಕಳೆದರೆ ಸೊನ್ನೆ ಬರಬೇಕು. ಆ ಸಂಖ್ಯೆ ಯಾವುದು? 1669ರಲ್ಲಿ ನ್ಯೂಟನ್ ಬಿಡಿಸಿ ತೋರಿಸಿದ ಲೆಕ್ಕವಿದು. 2 ಹಾಕಿದರೆ ಉತ್ತರ ಸೊನ್ನೆಗಿಂತ ಕೆಳಗೆ, 3 ಹಾಕಿದರೆ ಮೇಲೆ. ಹಾಗಾದರೆ ನಾವು ಹುಡುಕುವ ಸಂಖ್ಯೆ, ಅಂದರೆ ಸಮೀಕರಣದ ಮೂಲ, ಇವೆರಡರ ನಡುವೆ ಇದೆ. ಆ ಅಂತರವನ್ನು ಅರ್ಧ ಮಾಡುತ್ತಾ, ಮೂಲವಿರುವ ಅರ್ಧವನ್ನಷ್ಟೇ ಉಳಿಸಿಕೊಳ್ಳುತ್ತಾ ಹೋಗುವುದು ಬೈಸೆಕ್ಷನ್. ಹತ್ತು ಲಕ್ಷದಲ್ಲೊಂದು ಭಾಗದಷ್ಟು ಹತ್ತಿರವಾಗಲು 20 ಸುತ್ತು ಬೇಕು. ನಿಧಾನ, ಆದರೆ ದಾರಿ ತಪ್ಪುವುದಿಲ್ಲ.

ನ್ಯೂಟನ್–ರಾಫ್ಸನ್ ವಿಧಾನ ನಿಂತಲ್ಲಿನ ಇಳಿಜಾರನ್ನು ನೋಡಿ ಮುಂದಿನ ಹೆಜ್ಜೆ ಇಡುತ್ತದೆ. 2ರಿಂದ ಹೊರಟರೆ 2.1, ಆಮೇಲೆ 2.094568, ಮೂರನೇ ಸುತ್ತಿಗೆ 2.0945514817. ನಿಜವಾದ ಮೂಲ 2.0945514815. ಹತ್ತಿರ ಬಂದ ಮೇಲೆ ಸರಿಯಾದ ಅಂಕಿಗಳು ಸುತ್ತಿಗೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತವೆ. ಪರದೆಯ ಮೇಲೆ ಈ ಸಾಲುಗಳು ಒಂದರ ಕೆಳಗೊಂದು ಮೂಡುವುದನ್ನು ನೋಡಿದ ವಿದ್ಯಾರ್ಥಿಗೆ ‘ವೇಗದ ವಿಧಾನ’ ಎಂದರೇನೆಂದು ಬೇರೆ ವಿವರಿಸಬೇಕಿಲ್ಲ.

ಈಗ ಅದೇ ವಿಧಾನದ ಪ್ರೋಗ್ರಾಮಿಗೆ ಮೊದಲ ಊಹೆ 2ರ ಬದಲು 0 ಕೊಟ್ಟು ನೋಡಿ. ಬರುವುದು −2.5, −1.57, −0.50, −3.82. ಮೂಲ ಬಲಕ್ಕಿದ್ದರೆ ಲೆಕ್ಕ ಎಡಗಡೆಯೇ ಅಲೆಯುತ್ತದೆ. ನಡುವಿನ ಒಂದು ಕಡೆ ಇಳಿಜಾರು ಸೊನ್ನೆಗೆ ಇಳಿಯುತ್ತದೆ. ಅದರ ಆಸುಪಾಸಿಗೆ ಬಂದಾಗ ಭಾಗಿಸುವ ಸಂಖ್ಯೆಯಾದ ಇಳಿಜಾರು ಚಿಕ್ಕದಾಗಿ ನೆಗೆತ ದೊಡ್ಡದಾಗುವುದೇ ಇದಕ್ಕೆ ಕಾರಣ. ಪ್ರಶ್ನೆಪತ್ರಿಕೆಯಲ್ಲಿ ಸಾಮಾನ್ಯವಾಗಿ ಒಳ್ಳೆಯ ಊಹೆಯನ್ನೇ ಕೊಟ್ಟಿರುತ್ತಾರೆ. ಕ್ಯಾಲ್ಕುಲೇಟರ್ ಹಿಡಿದು ಕೆಟ್ಟ ಊಹೆಗಳನ್ನು ಪರೀಕ್ಷಿಸುವ ತಾಳ್ಮೆ ಯಾರಿಗಿದೆ? ತಂತ್ರಾಂಶದ ದೊಡ್ಡ ಉಪಕಾರ ಇಲ್ಲಿದೆ: ಬೇಕೆಂದೇ ತಪ್ಪು ಕಡೆಯಿಂದ ಹೊರಟು ನೋಡುವುದನ್ನು ಅದು ಸುಲಭ ಮಾಡುತ್ತದೆ.

ಸೈಲ್ಯಾಬಿನಲ್ಲಿ ‘ಎಫ್‌ಸಾಲ್ವ್’ ಎಂಬ ಸಿದ್ಧ ಆಜ್ಞೆಯೇ ಇದೆ. ಒಂದೇ ಸಾಲಿನಲ್ಲಿ ಮೂಲ ಕೈಗೆ ಬರುತ್ತದೆ. ಆದರೆ ಅದೂ ಮೊದಲ ಊಹೆಯನ್ನು ನಮ್ಮಿಂದಲೇ ಕೇಳುತ್ತದೆ. ಆದ್ದರಿಂದ ಕಲಿಯುವವರು ಮೊದಲು ಲೂಪ್ ಅನ್ನು ತಾವೇ ಬರೆಯಬೇಕು. ಗ್ರಾಫ್ ಎಳೆದು ಊಹೆ ಆರಿಸಬೇಕು, ಸುತ್ತುಗಳಿಗೆ ಮಿತಿ ಹಾಕಬೇಕು, ಬಂದ ಉತ್ತರವನ್ನು ಸಮೀಕರಣಕ್ಕೇ ಹಾಕಿ ತಾಳೆ ನೋಡಬೇಕು. ಇಷ್ಟು ರೂಢಿಯಾದ ಮೇಲೆ ಸಿದ್ಧ ಆಜ್ಞೆ ಬಳಸಿದರೆ, ಅದು ಕೊಟ್ಟ ಉತ್ತರವನ್ನು ಎಷ್ಟು ನಂಬಬೇಕೆಂಬುದೂ ಗೊತ್ತಿರುತ್ತದೆ.