ಉಪನಗರದ ಮಾಲ್: ಉದಯ, ಅವನತಿ ಮತ್ತು ಗ್ರಾಹಕ ಅಭಿರುಚಿಯ ಪಲ್ಲಟ

ಪೇಟೆಯೆಂಬುದು ಯಾವ ನಾಗರಿಕತೆಯಲ್ಲಿಯೂ ಬರಿಯ ಕೊಡುಕೊಳ್ಳುವಿಕೆಯ ತಾಣವಾಗಿ ಉಳಿದಿಲ್ಲ. ಸಂತೆಗೆ ಹೋದವನು ಸರಕಿನೊಡನೆ ಸುದ್ದಿಯನ್ನೂ ಹೊತ್ತು ಮರಳುತ್ತಾನೆ. ಅಂಗಡಿಬೀದಿಯಲ್ಲಿ ವ್ಯವಹಾರದಷ್ಟೇ ಸಂಬಂಧಗಳೂ ಬೆಳೆಯುತ್ತವೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಇಂತಹ ಪೇಟೆಯನ್ನು ಊರಿನ ಹೊರಗೆ, ಒಂದೇ ಸೂರಿನ ಕೆಳಗೆ, ಒಬ್ಬ ಒಡೆಯನ ಸ್ವತ್ತಾಗಿ ನಿರ್ಮಿಸುವ ಪ್ರಯೋಗಕ್ಕೆ ಕೈಹಾಕಿತು. ಮಾಲ್ ಎಂದು ಹೆಸರಾದ ಈ ರಚನೆ ಆ ದೇಶದ ಮಧ್ಯಮವರ್ಗದ ಜೀವನಕ್ರಮದ ಸಂಕೇತವಾಗಿ ಬೆಳೆಯಿತು. ಅನಂತರದ ದಶಕಗಳಲ್ಲಿ ಬೀಗ ಜಡಿದ ಬಾಗಿಲು ಮತ್ತು ಹುಲ್ಲು ಬೆಳೆದ ವಾಹನ ನಿಲುಗಡೆಗಳ ದೃಶ್ಯವಾಗಿಯೂ ಅಷ್ಟೇ ಪರಿಚಿತವಾಯಿತು. ಈ ಅವನತಿಗೆ ಅಂತರಜಾಲ ವ್ಯಾಪಾರವೇ ಕಾರಣವೆಂಬ ಅಭಿಪ್ರಾಯ ಪ್ರಚಲಿತವಾಗಿದೆ. ಮಾಲ್‌ಗಳ ಇತಿಹಾಸವನ್ನು ಅವಲೋಕಿಸಿದಾಗ ಇದು ಅರ್ಧಸತ್ಯವೆಂಬುದು ಸ್ಪಷ್ಟವಾಗುತ್ತದೆ. ಮಾಲ್‌ನ ಉದಯಕ್ಕೆ ಕಾರಣವಾದ ಅಂಶಗಳಲ್ಲಿಯೇ ಅದರ ಕ್ಷಯದ ಬೀಜವೂ ಅಡಗಿತ್ತು.

ಉದಯದ ಹಿನ್ನೆಲೆ

ಮಾಲ್‌ನ ಮೂಲ ಪರಿಕಲ್ಪನೆ ವಿಕ್ಟರ್ ಗ್ರೂಯೆನ್ ಎಂಬ ವಾಸ್ತುಶಿಲ್ಪಿಯದು. ೧೯೦೩ರಲ್ಲಿ ವಿಯೆನ್ನಾದಲ್ಲಿ ಜನಿಸಿದ ಈತ, ೧೯೩೮ರಲ್ಲಿ ಆಸ್ಟ್ರಿಯಾ ನಾಜಿಗಳ ವಶವಾದಾಗ ದೇಶ ಬಿಟ್ಟು ಅಮೆರಿಕವನ್ನು ಸೇರಿದ ಯೆಹೂದಿ. ವಿಯೆನ್ನಾದ ಬೀದಿ, ಚೌಕಗಳಲ್ಲಿ ಜನ ಕಾಲ್ನಡಿಗೆಯಲ್ಲಿ ಸೇರಿ ಮಾತನಾಡುವ ಬದುಕನ್ನು ಕಂಡಿದ್ದ ಗ್ರೂಯೆನ್‌ಗೆ ಕಾರನ್ನೇ ನಂಬಿದ ಅಮೆರಿಕದ ಉಪನಗರಗಳು ಒಂಟಿತನದ ನೆಲೆಗಳಾಗಿ ತೋರಿದವು. ಆ ಒಂಟಿತನಕ್ಕೆ ಪರಿಹಾರವಾಗಿ ಅಂಗಡಿಗಳನ್ನು ಒಳಮುಖವಾಗಿಸಿ, ನಡುವೆ ಸಾರ್ವಜನಿಕ ಅಂಗಳವನ್ನು ಇರಿಸುವ ವಿನ್ಯಾಸವನ್ನು ಈತ ರೂಪಿಸಿದ.

೧೯೫೪ರಲ್ಲಿ ಡೆಟ್ರಾಯಿಟ್ ಸಮೀಪ ತೆರೆದ ನಾರ್ತ್‌ಲ್ಯಾಂಡ್ ಬಯಲು ಅಂಗಳದ ವ್ಯಾಪಾರಕೇಂದ್ರವಾಗಿತ್ತು. ೧೯೫೬ರ ಅಕ್ಟೋಬರ್‌ನಲ್ಲಿ ಮಿನೆಸೋಟಾ ರಾಜ್ಯದ ಈಡೈನಾದಲ್ಲಿ ಆರಂಭವಾದ ಸೌತ್‌ಡೇಲ್ ಒಂದು ಹೆಜ್ಜೆ ಮುಂದೆ ಹೋಯಿತು. ಕಡುಚಳಿ ಮತ್ತು ಬಿಸಿಲುಗಳೆರಡೂ ಕಾಡುವ ಆ ಸೀಮೆಯಲ್ಲಿ ಇಡೀ ಕಟ್ಟಡಕ್ಕೆ ಮಾಡು ಹೊದಿಸಿ, ವರ್ಷವಿಡೀ ಸಮನಾದ ಹವೆಯನ್ನು ಕಾಯ್ದುಕೊಳ್ಳಲಾಯಿತು. ಪರಸ್ಪರ ಸ್ಪರ್ಧಿಗಳಾದ ಡೇಟನ್ಸ್ ಮತ್ತು ಡೊನಾಲ್ಡ್‌ಸನ್ಸ್ ಎಂಬ ಎರಡು ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳು ಒಂದೇ ಸೂರಿನಡಿ ನಿಂತವು. ಗ್ರೂಯೆನ್‌ನ ಮೂಲ ಯೋಜನೆಯಲ್ಲಿ ಈ ಅಂಗಡಿಗಳ ಸುತ್ತ ವಸತಿ, ಶಾಲೆ, ಚಿಕಿತ್ಸಾಲಯ, ಉದ್ಯಾನಗಳೂ ಇದ್ದವು. ಕಟ್ಟಿಸಿದವರು ಲಾಭ ತರುವ ಭಾಗವನ್ನು ಮಾತ್ರ ಉಳಿಸಿಕೊಂಡರು. ಉಳಿದ ನೆಲ ಕಾರುಗಳ ಪಾಲಾಯಿತು. ಮುಂದಿನ ಮಾಲ್‌ಗಳೆಲ್ಲ ಅನುಕರಿಸಿದ್ದು ಈ ಅಪೂರ್ಣ ರೂಪವನ್ನೇ. ವಿಯೆನ್ನಾಕ್ಕೆ ಮರಳಿ ೧೯೮೦ರಲ್ಲಿ ತೀರಿಕೊಂಡ ಗ್ರೂಯೆನ್, ತನ್ನ ಕೊನೆಯ ವರ್ಷಗಳಲ್ಲಿ ಮಾಲ್‌ಗಳ ಪಿತೃತ್ವವನ್ನು ಬಹಿರಂಗವಾಗಿ ನಿರಾಕರಿಸಿದ್ದು ಈ ಕಾರಣದಿಂದಲೇ.

ತೆರಿಗೆ, ಹೆದ್ದಾರಿ ಮತ್ತು ವಿಸ್ತರಣೆ

ಮಾಲ್‌ಗಳ ವಿಸ್ತರಣೆ ಗ್ರಾಹಕರ ಬೇಡಿಕೆಯಿಂದ ಮಾತ್ರ ಆದುದಲ್ಲ. ೧೯೫೪ರ ತೆರಿಗೆ ಕಾನೂನು ಹೊಸ ವಾಣಿಜ್ಯ ಕಟ್ಟಡಗಳಿಗೆ ತ್ವರಿತ ಸವಕಳಿಯ ಸೌಲಭ್ಯವನ್ನು ನೀಡಿತು. ಕಟ್ಟಡದ ವೆಚ್ಚದ ಹೆಚ್ಚಿನ ಪಾಲನ್ನು ಮೊದಲ ಕೆಲವು ವರ್ಷಗಳಲ್ಲಿಯೇ ಸವಕಳಿಯೆಂದು ತೋರಿಸಿ, ಆ ಕಾಗದದ ನಷ್ಟವನ್ನು ಬೇರೆ ಆದಾಯದ ಮೇಲಿನ ತೆರಿಗೆಯನ್ನು ತಗ್ಗಿಸಲು ಬಳಸಬಹುದಾಗಿತ್ತು. ಇದರಿಂದಾಗಿ ಹಳೆಯ ಕಟ್ಟಡವನ್ನು ಕಾಪಾಡುವುದಕ್ಕಿಂತ ಹೊಸದನ್ನು ಕಟ್ಟುವುದು ಹೂಡಿಕೆದಾರರಿಗೆ ಲಾಭದಾಯಕವಾಯಿತು. ಈ ಅಂಶವನ್ನು ಇತಿಹಾಸಕಾರ ಥಾಮಸ್ ಹ್ಯಾಂಚೆಟ್ ೧೯೯೬ರಲ್ಲಿ ಪ್ರಕಟಿಸಿದ ಸಂಶೋಧನ ಲೇಖನದಲ್ಲಿ ವಿಶದವಾಗಿ ಪ್ರತಿಪಾದಿಸಿದ್ದಾರೆ. ೧೯೫೬ರ ಹೆದ್ದಾರಿ ಕಾಯಿದೆ ೪೧,೦೦೦ ಮೈಲಿಗಳ ಅಂತರರಾಜ್ಯ ರಸ್ತೆಜಾಲಕ್ಕೆ ಹಣ ಒದಗಿಸಿತು. ಸರ್ಕಾರದ ಗೃಹಸಾಲ ಭದ್ರತೆಯ ನೀತಿ ಬಿಳಿಯರ ಕುಟುಂಬಗಳನ್ನು ಉಪನಗರಗಳಿಗೆ ಕರೆದೊಯ್ದು, ಕರಿಯರ ಕುಟುಂಬಗಳನ್ನು ಬಹುಮಟ್ಟಿಗೆ ಹೊರಗಿಟ್ಟಿತು. ಕಾರಿಲ್ಲದವರಿಗೆ ತಲುಪಲು ಕಷ್ಟವಾದ ಮಾಲ್ ಈ ವಿಂಗಡಣೆಯನ್ನು ಗಟ್ಟಿಗೊಳಿಸಿತು.

ಇದರ ಪರಿಣಾಮವಾಗಿ ಅಮೆರಿಕದಲ್ಲಿ ತಲಾ ಚಿಲ್ಲರೆ ವ್ಯಾಪಾರದ ಸ್ಥಳಾವಕಾಶ ೨೦ ಚದರ ಅಡಿಯನ್ನು ಮೀರಿತು. ಯುರೋಪಿನ ಯಾವ ದೇಶದಲ್ಲಿಯೂ ಇಷ್ಟು ಪ್ರಮಾಣವಿಲ್ಲ. ಹೊಸ ಮಾಲ್ ತಲೆಯೆತ್ತಿದಾಗ ಹಳೆಯದು ಸೊರಗುವುದು ವಾಡಿಕೆಯೇ ಆಯಿತು. ಷಿಕಾಗೋ ಬಳಿಯ ಹಾರ್ವೆಯಲ್ಲಿ ೧೯೬೬ರಲ್ಲಿ ತೆರೆದ ಡಿಕ್ಸಿ ಸ್ಕ್ವೇರ್ ಮಾಲ್ ೧೯೭೮ರಲ್ಲಿಯೇ ಮುಚ್ಚಿತು. ಪಾಳುಬಿದ್ದ ಅದರೊಳಗೆ ‘ದಿ ಬ್ಲೂಸ್ ಬ್ರದರ್ಸ್’ ಚಲನಚಿತ್ರದ ಕಾರು ಬೆನ್ನಟ್ಟುವ ದೃಶ್ಯಗಳನ್ನು ಚಿತ್ರಿಸಲಾಯಿತು. ಕಟ್ಟಡ ನೆಲಸಮವಾದದ್ದು ೨೦೧೨ರಲ್ಲಿ. ಅಂತರಜಾಲ ವ್ಯಾಪಾರದ ಹೆಸರೂ ಇಲ್ಲದ ಕಾಲದಲ್ಲಿ ಮಾಲ್ ಒಂದು ಸತ್ತುಹೋದದ್ದಕ್ಕೆ ಇದು ನಿದರ್ಶನ.

ಮಾಲ್‌ನ ಆರ್ಥಿಕ ಒಳರಚನೆ

ಮಾಲ್‌ನ ಎರಡು ತುದಿಗಳಲ್ಲಿ ನಿಲ್ಲುವ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳು ಅದರ ಆಧಾರ ಮಳಿಗೆಗಳು. ಜನರನ್ನು ಸೆಳೆದು ತರುವುದು ಇವುಗಳ ಕೆಲಸ. ಆ ಸೆಳೆತಕ್ಕಾಗಿ ಒಡೆಯರು ಇವುಗಳಿಂದ ಅತ್ಯಲ್ಪ ಬಾಡಿಗೆ ಪಡೆಯುತ್ತಿದ್ದರು. ಎರಡು ತುದಿಗಳ ನಡುವೆ ನಡೆದಾಡುವ ಜನರನ್ನು ನಂಬಿದ ಸಣ್ಣ ಅಂಗಡಿಗಳೇ ನಿಜವಾದ ಬಾಡಿಗೆ ತೆರುತ್ತಿದ್ದವು. ಆಧಾರ ಮಳಿಗೆ ಮುಚ್ಚಿದರೆ ಬಾಡಿಗೆ ಇಳಿಸುವ ಅಥವಾ ಕರಾರು ಮುರಿಯುವ ಹಕ್ಕನ್ನು ಅನೇಕ ಸಣ್ಣ ಅಂಗಡಿಗಳು ಕರಾರುಪತ್ರದಲ್ಲಿ ಬರೆಸಿಕೊಂಡಿದ್ದವು. ಹೀಗಾಗಿ ಒಂದು ಕಂಬ ಕುಸಿದರೆ ಚಪ್ಪರವೇ ಜಗ್ಗುವ ಸ್ಥಿತಿ ಈ ರಚನೆಗೆ ಸಹಜವಾಗಿತ್ತು.

ಆ ಕಂಬಗಳು ಕುಸಿಯತೊಡಗಿದ್ದು ಬಹಳ ಹಿಂದೆಯೇ. ವಾಲ್‌ಮಾರ್ಟ್, ಕೆಮಾರ್ಟ್, ಟಾರ್ಗೆಟ್ ಎಂಬ ಮೂರು ರಿಯಾಯಿತಿ ದರದ ಮಳಿಗೆಗಳ ಸರಣಿಗಳೂ ೧೯೬೨ರಲ್ಲಿಯೇ ಆರಂಭವಾದವು. ಟಾರ್ಗೆಟ್ಟನ್ನು ಹುಟ್ಟುಹಾಕಿದ್ದು ಸೌತ್‌ಡೇಲನ್ನು ಕಟ್ಟಿಸಿದ ಡೇಟನ್ ಸಂಸ್ಥೆಯೇ ಎಂಬುದು ಗಮನಾರ್ಹ. ಒಂದೇ ಬಗೆಯ ಸರಕನ್ನು ಅಪಾರ ಪ್ರಮಾಣದಲ್ಲಿ ಮಾರುವ ಮಳಿಗೆಗಳೂ ಸಗಟು ದರದ ಸದಸ್ಯತ್ವ ಮಳಿಗೆಗಳೂ ಅನಂತರ ಬಂದವು. ೨೦೦೬ರಲ್ಲಿ ಅನೇಕ ಪ್ರಾದೇಶಿಕ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳು ಮೇಸೀಸ್ ಎಂಬ ಒಂದೇ ಹೆಸರಿನಡಿ ಲೀನವಾದವು. ಸಿಯರ್ಸ್ ೨೦೧೮ರಲ್ಲಿಯೂ ಜೆ. ಸಿ. ಪೆನ್ನಿ ೨೦೨೦ರಲ್ಲಿಯೂ ದಿವಾಳಿತನದ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೊಕ್ಕವು.

ಅಭಿರುಚಿಯ ಪಲ್ಲಟ

ಗ್ರಾಹಕರ ಅಭಿರುಚಿಯಲ್ಲಿ ಆದ ಬದಲಾವಣೆಗಳು ಈ ಕುಸಿತಕ್ಕೆ ವೇಗ ನೀಡಿದವು. ಅವುಗಳಲ್ಲಿ ನಾಲ್ಕು ಮುಖ್ಯವಾದವು.

ಮೊದಲನೆಯದು ಬಟ್ಟೆಬರೆಯ ಸ್ಥಾನ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ ೧೯೬೦-೬೧ರಲ್ಲಿ ಕುಟುಂಬದ ಖರ್ಚಿನಲ್ಲಿ ಉಡುಪಿನ ಪಾಲು ಸುಮಾರು ಶೇ. ೧೦ ಇತ್ತು, ೨೦೦೨-೦೩ರ ವೇಳೆಗೆ ಅದು ಸುಮಾರು ಶೇ. ೪ಕ್ಕೆ ಇಳಿದಿತ್ತು. ಉಡುಪನ್ನೇ ಮುಖ್ಯ ಸರಕಾಗಿ ಮಾಡಿಕೊಂಡಿದ್ದ ಮಾಲ್‌ಗೆ ಇದು ಬುಡಕ್ಕೇ ಬಿದ್ದ ಏಟು. ಎರಡನೆಯದು ಸಮಯದ ಅಭಾವ. ೧೯೫೦ರಲ್ಲಿ ಮಹಿಳೆಯರಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಉದ್ಯೋಗರಂಗದಲ್ಲಿದ್ದರು. ೧೯೯೯ರ ಹೊತ್ತಿಗೆ ಆ ಪ್ರಮಾಣ ಶೇ. ೬೦ ಮುಟ್ಟಿತು. ಗೃಹಿಣಿಯರ ಬಿಡುವಿನ ಮಧ್ಯಾಹ್ನವನ್ನು ಎದುರಿಟ್ಟುಕೊಂಡು ರೂಪುಗೊಂಡ ಮಾಲ್‌ನ ಉದ್ದನೆಯ ನಡಿಗೆ, ದುಡಿಯುವ ಕುಟುಂಬಕ್ಕೆ ಹೊರೆಯಾಯಿತು. ಕಾರು ನಿಲ್ಲಿಸಿ, ಬೇಕಾದುದನ್ನು ಒಂದೇ ಅಂಗಡಿಯಲ್ಲಿ ಕೊಂಡು ಹೊರಡುವ ಕ್ರಮ ಮೆಚ್ಚಿಗೆಯಾಯಿತು.

ಮೂರನೆಯದು ವರ್ಗಗಳ ಕವಲು. ಮಾಲ್ ನೆಚ್ಚಿದ್ದು ಸಮಾನ ಆದಾಯ, ಸಮಾನ ಅಭಿರುಚಿಯ ವಿಶಾಲ ಮಧ್ಯಮವರ್ಗವನ್ನು. ೧೯೭೦ರ ದಶಕದ ಅನಂತರ ಆದಾಯದ ಅಂತರ ಹಿಗ್ಗಿದಂತೆ ಒಂದು ವರ್ಗ ಅಗ್ಗದ ಮಳಿಗೆಗಳತ್ತಲೂ ಇನ್ನೊಂದು ದುಬಾರಿ ಬ್ರಾಂಡುಗಳತ್ತಲೂ ಸರಿಯಿತು. ಶ್ರೀಮಂತ ನೆರೆಹೊರೆಯ ಮಾಲ್‌ಗಳು ಇಂದಿಗೂ ಲಾಭದಲ್ಲಿರುವುದು, ನಡುಮಟ್ಟದವು ಮಾತ್ರ ಬಾಗಿಲು ಹಾಕಿದ್ದು ಇದಕ್ಕೆ ಸಾಕ್ಷಿ. ನಾಲ್ಕನೆಯದು ಸ್ಥಳದ ಕುರಿತ ರುಚಿ. ಕಿಟಕಿಯಿಲ್ಲದ, ಎಲ್ಲೆಡೆ ಒಂದೇ ತೆರನಾದ ಒಳಾಂಗಣ ಬೇಸರ ತರಿಸಿತು. ಬಯಲಿನಲ್ಲಿ ಬೀದಿಯಂತೆ ಕಟ್ಟಿದ, ಊಟ ಮತ್ತು ವಿರಾಮಕ್ಕೆ ಪ್ರಾಶಸ್ತ್ಯವಿರುವ ವ್ಯಾಪಾರಕೇಂದ್ರಗಳು ಜನಪ್ರಿಯವಾದವು. ಯಾವ ಬೀದಿಯಿಂದ ಜನರನ್ನು ಮಾಲ್ ಒಳಕ್ಕೆ ಕರೆತಂದಿತ್ತೋ ಆ ಬೀದಿಯ ಅನುಕರಣೆಯೇ ಮಾಲ್‌ಗೆ ಪ್ರತಿಸ್ಪರ್ಧಿಯಾಯಿತು.

ಅಂತರಜಾಲದ ಪಾತ್ರವನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕಾಗುತ್ತದೆ. ೧೯೯೯ರ ಕೊನೆಯಲ್ಲಿ ಅಮೆರಿಕದ ಚಿಲ್ಲರೆ ಮಾರಾಟದಲ್ಲಿ ಅದರ ಪಾಲು ಶೇ. ೧ಕ್ಕೂ ಕಡಿಮೆಯಿತ್ತು, ೨೦೧೯ರಲ್ಲಿ ಸುಮಾರು ಶೇ. ೧೧ಕ್ಕೆ ಏರಿ, ಕೋವಿಡ್ ಸೋಂಕಿನ ೨೦೨೦ರಲ್ಲಿ ಒಮ್ಮೆಲೇ ಶೇ. ೧೬ರ ಆಸುಪಾಸಿಗೆ ಜಿಗಿಯಿತು. ಈ ಪಾಲು ಸಣ್ಣದಲ್ಲ. ಆದರೆ ಬಹುಪಾಲು ಮಾರಾಟ ಇಂದಿಗೂ ಅಂಗಡಿಗಳಲ್ಲಿಯೇ ನಡೆಯುತ್ತಿದೆ. ಆದ್ದರಿಂದ ಅಂತರಜಾಲವು ಮಾಲ್‌ನ ಕಾಯಿಲೆಗೆ ಮೂಲವಲ್ಲ, ಈಗಾಗಲೇ ಸೊರಗಿದ್ದ ದೇಹದ ಮೇಲೆ ಬಿದ್ದ ಭಾರ ಎನ್ನುವುದು ಹೆಚ್ಚು ಯುಕ್ತ.

ಮುಚ್ಚಿದ ಮೇಲೆ

ಮಾಲ್ ಮುಚ್ಚಿದಾಗ ನಷ್ಟ ಒಡೆಯನಿಗಷ್ಟೇ ಅಲ್ಲ. ಆಸ್ತಿ ತೆರಿಗೆಯನ್ನು ನಂಬಿದ ಸ್ಥಳೀಯ ಆಡಳಿತ ಮತ್ತು ಶಾಲೆಗಳ ವರಮಾನ ಕುಗ್ಗುತ್ತದೆ. ಅಂಗಡಿಗಳಲ್ಲಿ ದುಡಿಯುತ್ತಿದ್ದವರು ಬೇರೆ ನೆಲೆ ಹುಡುಕಬೇಕಾಗುತ್ತದೆ. ಮುಂಜಾನೆ ಅದರ ಒಳಾಂಗಣದಲ್ಲಿ ನಡೆದಾಡುತ್ತಿದ್ದ ವೃದ್ಧರಿಗೆ, ಸಂಜೆ ಸೇರುತ್ತಿದ್ದ ಎಳೆಯರಿಗೆ ಕೂಡುವ ತಾಣವೇ ಇಲ್ಲವಾಗುತ್ತದೆ. ಇಲ್ಲಿ ಒಂದು ಮೂಲಭೂತ ಪ್ರಶ್ನೆ ಏಳುತ್ತದೆ: ಆ ತಾಣ ಎಂದಾದರೂ ಸಾರ್ವಜನಿಕವಾಗಿತ್ತೆ? ಅಮೆರಿಕದ ಸರ್ವೋಚ್ಚ ನ್ಯಾಯಾಲಯ ೧೯೬೮ರಲ್ಲಿ ವ್ಯಾಪಾರಕೇಂದ್ರದೊಳಗೆ ಕಾರ್ಮಿಕರು ಪ್ರತಿಭಟಿಸುವ ಹಕ್ಕನ್ನು ಎತ್ತಿಹಿಡಿದಿತ್ತು. ೧೯೭೨ರಲ್ಲಿ, ಓರೆಗಾನ್ ರಾಜ್ಯದ ಮಾಲ್‌ನಲ್ಲಿ ಯುದ್ಧವಿರೋಧಿ ಕರಪತ್ರ ಹಂಚಿದವರ ಪ್ರಕರಣದಲ್ಲಿ, ಅಂತಹ ಹಕ್ಕಿಲ್ಲವೆಂದಿತು. ೧೯೮೦ರಲ್ಲಿ ಈ ಹಕ್ಕನ್ನು ರಾಜ್ಯಗಳು ತಮ್ಮ ಸಂವಿಧಾನದ ಮೂಲಕ ನೀಡಬಹುದೆಂದು ತೀರ್ಪಿತ್ತಿತು. ಹೀಗೆ ಪೇಟೆಯ ಬೀದಿ ಬರಿದಾಗಿ ಮಾಲ್ ತುಂಬಿದಾಗ, ಪೌರರ ಹಕ್ಕು ಬೀದಿಯಲ್ಲಿಯೇ ಉಳಿದು, ಪೌರರು ಮಾತ್ರ ಒಳಗೆ ಬಂದಂತಾಯಿತು.

ಉಳಿದ ನೆಲದ ಗತಿಯೂ ಒಂದೇ ಬಗೆಯದಲ್ಲ. ಓಹಾಯೋದ ನಾರ್ತ್ ರಾಂಡಲ್‌ನಲ್ಲಿ ೧೯೭೬ರಲ್ಲಿ ತೆರೆದು ೨೦೦೯ರಲ್ಲಿ ಮುಚ್ಚಿದ ರಾಂಡಲ್ ಪಾರ್ಕ್ ಮಾಲ್‌ನ ಜಾಗದಲ್ಲಿ ೨೦೧೮ರಲ್ಲಿ ಅಮೆಜಾನ್ ಸಂಸ್ಥೆಯ ಉಗ್ರಾಣ ಆರಂಭವಾಯಿತು. ಅಲ್ಲಿ ದುಡಿಮೆಯಿದೆ, ಜನ ಸೇರುವ ಅಂಗಳವಿಲ್ಲ. ಕೊಲರಾಡೋದ ಲೇಕ್‌ವುಡ್‌ನಲ್ಲಿ ೧೯೬೬ರಿಂದ ೨೦೦೧ರವರೆಗೆ ಇದ್ದ ವಿಲ್ಲಾ ಇಟಾಲಿಯಾ ಮಾಲ್‌ನ ನೆಲದಲ್ಲಿ ೨೦೦೪ರಿಂದ ಬೆಲ್ಮಾರ್ ಎಂಬ ಬಡಾವಣೆ ಬೆಳೆಯಿತು. ಅಲ್ಲಿ ಬೀದಿ, ಮನೆ, ಕಚೇರಿ, ಅಂಗಡಿಗಳು ಬೆರೆತಿವೆ.

ಸಮಾರೋಪ

ಕರ್ನಾಟಕದಲ್ಲಿ ಮಾಲ್ ನೆಲೆಯೂರಿದ್ದು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ. ಬೆಂಗಳೂರಿನ ಕೋರಮಂಗಲದಲ್ಲಿ ೨೦೦೪ರಲ್ಲಿ ತೆರೆದ ಫೋರಂ ಮಾಲ್ ಜನನಿಬಿಡ ನಗರದ ಒಳಗೇ ನಿಂತಿತು. ಚಿಕ್ಕಪೇಟೆ, ಗಾಂಧಿ ಬಜಾರುಗಳ ಬೀದಿಗಳೂ ಜೊತೆಯಲ್ಲಿ ಉಳಿದವು. ಆದ್ದರಿಂದ ಅಮೆರಿಕದ ಅನುಭವವನ್ನು ಇಲ್ಲಿಗೆ ಯಥಾವತ್ತಾಗಿ ಅನ್ವಯಿಸಲಾಗದು. ಆದರೂ ಕೂಡುವ ತಾಣದ ಒಡೆತನ ಯಾರದೆಂಬ ಪ್ರಶ್ನೆ ಎರಡೂ ಕಡೆ ಒಂದೇ.

ಒಟ್ಟಿನಲ್ಲಿ, ಉಪನಗರದ ಮಾಲ್ ಬಿದ್ದದ್ದು ಜನ ಕೊಳ್ಳುವುದನ್ನು ಬಿಟ್ಟದ್ದರಿಂದಲ್ಲ. ಅದರ ಸಂಖ್ಯೆಯನ್ನು ತೆರಿಗೆಯ ಲೆಕ್ಕಾಚಾರ ಮಿತಿಮೀರಿ ಬೆಳೆಸಿತು. ಅದರ ಆದಾಯ ಕೆಲವೇ ದೊಡ್ಡ ಮಳಿಗೆಗಳ ಮೇಲೆ ನಿಂತಿತು. ಅದು ನಂಬಿದ್ದ ಏಕರೂಪದ ಗ್ರಾಹಕ ಕಾಲಕ್ರಮದಲ್ಲಿ ಇಲ್ಲವಾದ. ಸೌತ್‌ಡೇಲ್ ಮಾತ್ರ ಇಂದಿಗೂ ತೆರೆದಿದೆ. ಅದರ ನಿಲುಗಡೆಯ ಅಂಚಿನಲ್ಲಿ ಕಳೆದ ದಶಕದಲ್ಲಿ ವಸತಿ ಕಟ್ಟಡಗಳು ಎದ್ದಿವೆ. ಮುಚ್ಚಿದ ಆಧಾರ ಮಳಿಗೆಯೊಂದರ ಜಾಗಕ್ಕೆ ೨೦೧೯ರಲ್ಲಿ ವ್ಯಾಯಾಮಶಾಲೆ ಬಂದಿದೆ. ೧೯೫೬ರಲ್ಲಿ ಅನಗತ್ಯವೆಂದು ಕೈಬಿಟ್ಟ ಯೋಜನೆಯ ಭಾಗಗಳು, ಉಳಿವಿನ ಅನಿವಾರ್ಯತೆಯಿಂದ, ಆರು ದಶಕಗಳ ತರುವಾಯ ಒಂದೊಂದಾಗಿ ಮರಳುತ್ತಿವೆ. ಅಂಗಡಿಯ ಬಳಿ ಮನೆ ಇರಬೇಕು, ಮನೆಯ ಬಳಿ ಜನ ಕೂಡಬೇಕು ಎಂಬ ಹಳೆಯ ಪೇಟೆಗಳ ತಿಳಿವಳಿಕೆಯೇ ಇದರಿಂದ ಮತ್ತೆ ದೃಢಪಟ್ಟಂತಾಗಿದೆ.